ಸಿಹಿನೀರಿನ ಸಣ್ಣ ದೋಣಿಗೆ ಮೀನು ಶೋಧಕ ಯಂತ್ರ: ಆರಿಸುವ ಬಗೆ



ಈ ಸಂಚಿಕೆಯ ಪಾಠಕ್ಕೆ ನಾವು ಒಂದು ಯಂತ್ರವನ್ನು ಆರಿಸಿಕೊಂಡಿದ್ದೇವೆ. ಅಂಗಡಿಯವರು ಇದನ್ನು ಫಿಶ್ ಫೈಂಡರ್ ಎಂದು ಮಾರುತ್ತಾರೆ. ಈ ಪಾಠದಲ್ಲಿ ನಾವು ಇದನ್ನು ಮೀನು ಶೋಧಕ ಎಂದು ಕರೆಯೋಣ.

ಗುಮಾಸ್ತರಿಗೂ ಗಿರಣಿ ಕೆಲಸಗಾರರಿಗೂ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಾರಣವಿದೆ. ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಇರುವ ನಮ್ಮವರಲ್ಲಿ ಕೆಲವರು ರಜೆಯ ದಿನ ಗಾಳ ಹಾಕುವವರು. ಇನ್ನು ಕೆಲವರ ಅಣ್ಣತಮ್ಮಂದಿರು ಊರಿನಲ್ಲಿ ಕೃಷ್ಣೆಯ ದಡದಲ್ಲೋ ತುಂಗಭದ್ರೆಯ ಹಿನ್ನೀರಿನಲ್ಲೋ ದೋಣಿ ನಡೆಸಿ ಹೊಟ್ಟೆ ಹೊರೆಯುವವರು. ಅಂಥವರು ಊರಿಂದ ಬರೆಯುತ್ತಾರೆ: "ನೀನು ದೊಡ್ಡ ಊರಿನಲ್ಲಿದ್ದೀ, ಬಂದರು ಹತ್ತಿರ ಇದೆ, ಮೀನು ತೋರಿಸುವ ಯಂತ್ರ ಒಂದನ್ನು ಕೊಡಿಸು." ಇವರು ಚೀಟಿ ಎತ್ತಿ, ಇಲ್ಲವೆ ಸಂಬಳದ ಮುಂಗಡ ತೆಗೆದು, ಯಂತ್ರ ಕೊಳ್ಳುತ್ತಾರೆ. ಯಂತ್ರ ನೀರಿಗೆ ಒಪ್ಪಿದರೆ ಸರಿ. ಒಪ್ಪದಿದ್ದರೆ ಅಟ್ಟದ ಮೇಲೆ ಯಂತ್ರ, ತಲೆಯ ಮೇಲೆ ಸಾಲ.

ಆದುದರಿಂದ ಈ ಪಾಠದ ಮುಖ್ಯ ಸೂತ್ರವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಯಂತ್ರವನ್ನು ಆರಿಸುವುದು ನೀರು, ಅಂಗಡಿಯಲ್ಲ. ನಿಮ್ಮ ದೋಣಿ ಓಡಾಡುವ ನೀರಿನ ಆಳವೆಷ್ಟು, ತಳವೆಂಥದು, ಹಿಡಿಯುವ ಮೀನು ಯಾವುದು ಎಂಬ ಮೂರು ಸಂಗತಿ ತಿಳಿಯದೆ ಹಣ ಬಿಚ್ಚಬಾರದು. ಕೆಲವು ನೀರಿಗೆ ಯಾವ ಯಂತ್ರವೂ ಬೇಡ ಎಂಬುದೇ ಸರಿಯಾದ ಉತ್ತರ.

1. ಯಂತ್ರ ಮಾಡುವ ಕೆಲಸ

ಬೆಟ್ಟದ ಎದುರಿಗೆ ನಿಂತು ಕೂಗಿದರೆ ಮಾರ್ದನಿ ಬರುತ್ತದೆ. ಕೂಗಿಗೂ ಮಾರ್ದನಿಗೂ ನಡುವಿನ ಹೊತ್ತನ್ನು ಎಣಿಸಿದರೆ ಬೆಟ್ಟದ ದೂರವನ್ನು ಹೇಳಬಹುದು. ಮೀನು ಶೋಧಕದ ಕೆಲಸವೂ ಇಷ್ಟೇ. ದೋಣಿಯ ಕೆಳಗೆ ನೀರಿನಲ್ಲಿ ಮುಳುಗಿರುವ ಒಂದು ಗುಂಡು ನಮ್ಮ ಕಿವಿಗೆ ಕೇಳದಷ್ಟು ಕೀಚಾದ ಸದ್ದನ್ನು ತಳದ ಕಡೆಗೆ ಬಿಡುತ್ತದೆ. ಹಿಂದಕ್ಕೆ ಬರುವ ಮಾರ್ದನಿಯನ್ನೂ ಅದೇ ಗುಂಡು ಕೇಳಿಸಿಕೊಳ್ಳುತ್ತದೆ. ಅಂಗಡಿಯವರು ಇದನ್ನು ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಮೇಲಿರುವ ಪೆಟ್ಟಿಗೆ ಹೊತ್ತನ್ನು ಲೆಕ್ಕ ಹಾಕಿ ಪರದೆಯ ಮೇಲೆ ಬರೆಯುತ್ತದೆ.

ನೀರಿನಲ್ಲಿ ಸದ್ದಿನ ವೇಗವನ್ನು ಮೊದಲಿಗೆ ಚೆನ್ನಾಗಿ ಅಳೆದದ್ದು ಸಿಹಿನೀರಿನಲ್ಲಿಯೇ. 1826ರಲ್ಲಿ ಕೊಲಾಡನ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ ಎರಡು ದೋಣಿಗಳನ್ನು 13 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ನಿಲ್ಲಿಸಿದನು. ಒಂದು ದೋಣಿಯಲ್ಲಿ ನೀರೊಳಗಿನ ಗಂಟೆ ಬಾರಿಸುವಾಗಲೇ ಮದ್ದಿನ ಬೆಳಕು ಹೊತ್ತುವಂತೆ ಮಾಡಿದ್ದರು. ಇನ್ನೊಂದು ದೋಣಿಯವರು ಬೆಳಕು ಕಂಡ ಗಳಿಗೆಯಿಂದ ಗಂಟೆಯ ಸದ್ದು ಕೇಳುವ ತನಕ ಎಣಿಸಿದರು. ಆ ತಣ್ಣನೆಯ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,435 ಮೀಟರ್ ಎಂದು ಗೊತ್ತಾಯಿತು. ನಮ್ಮ ಕಡೆಯ ಬೆಚ್ಚಗಿನ ನದಿ ನೀರಿನಲ್ಲಿ ಅದು ಸುಮಾರು 1,500 ಮೀಟರ್. ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಒಂದು ಲೆಕ್ಕ ಮಾಡೋಣ. ಮಾರ್ದನಿ ಒಂದು ಸೆಕೆಂಡಿನ 1,000 ಪಾಲಿನಲ್ಲಿ 4 ಪಾಲು ಹೊತ್ತಿಗೆ ಬಂತು. 1,500 ಮೀಟರನ್ನು 1,000ದಿಂದ ಭಾಗಿಸಿ 4ರಿಂದ ಗುಣಿಸಿದರೆ 6 ಮೀಟರ್. ಇದು ಹೋಗಿ ಬಂದ ದಾರಿ. ಅರ್ಧ ಮಾಡಿದರೆ 3 ಮೀಟರ್. ನೀರಿನ ಆಳ 3 ಮೀಟರ್.

ಈ ವಿದ್ಯೆ ಬೆಳೆದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. 1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ತಗುಲಿ ಮುಳುಗಿದ ಮೇಲೆ ನೀರೊಳಗಿನ ಅಡ್ಡಿಗಳನ್ನು ಸದ್ದಿನಿಂದ ಪತ್ತೆ ಮಾಡುವ ಯತ್ನ ಹೆಚ್ಚಿತು. 1913ರಲ್ಲಿ ಜರ್ಮನಿಯ ಅಲೆಕ್ಸಾಂಡರ್ ಬೇಮ್ ಮಾರ್ದನಿಯಿಂದ ಆಳ ಅಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಮೀನು ಹಿಡಿಯುವ ದೋಣಿಗೆಂದೇ ಅದನ್ನು ಒಗ್ಗಿಸಿ 1948ರಲ್ಲಿ ಮಾರಾಟಕ್ಕೆ ತಂದವರು ಜಪಾನಿನ ಫುರುನೋ ಸಹೋದರರು. ವಿಶಾಖಪಟ್ಟಣದ ಸಮುದ್ರ ದಂಡೆಯಲ್ಲಿ 2002ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕುರ್ಸುರ ಜಲಾಂತರ್ಗಾಮಿಯನ್ನು ನಮ್ಮವರು ಅನೇಕರು ನೋಡಿದ್ದಾರೆ. ಅದರಲ್ಲಿ ಶತ್ರುವಿನ ಹಡಗು ಹುಡುಕುತ್ತಿದ್ದ ಸೋನಾರಿಗೂ ಸಣ್ಣ ದೋಣಿಯ ಮೀನು ಶೋಧಕಕ್ಕೂ ಮೂಲ ತತ್ತ್ವ ಒಂದೇ.

2. ಪರದೆಯನ್ನು ಓದುವ ಬಗೆ

ಕೊಳ್ಳುವ ಮೊದಲು ಪರದೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ತಿಳಿದಿರಬೇಕು. ಇಲ್ಲವಾದರೆ ಅಂಗಡಿಯಲ್ಲಿ ತೋರಿಸುವ ಬಣ್ಣದ ಚಿತ್ರಕ್ಕೆ ಮರುಳಾಗುವುದು ಖಂಡಿತ.

ಮೊದಲನೆಯದಾಗಿ, ಪರದೆ ತೋರಿಸುವುದು ದೋಣಿಯ ಕೆಳಗಿರುವುದನ್ನು ಮಾತ್ರ. ಮುಂದೆ ಇರುವ ಮೀನನ್ನಲ್ಲ. ಪರದೆಯ ಬಲ ಅಂಚಿನಲ್ಲಿ ಕಾಣುವುದು ಈ ಗಳಿಗೆಯದು. ಎಡಕ್ಕೆ ಸರಿದದ್ದೆಲ್ಲ ಆಗಿಹೋದದ್ದು. ನಾವು ಲೆಡ್ಜರಿನಲ್ಲಿ ಸಾಲುಸಾಲಾಗಿ ಬರೆದುಕೊಂಡು ಹೋಗುವ ಹಾಗೆ ಯಂತ್ರವೂ ಗಳಿಗೆ ಗಳಿಗೆಯ ಲೆಕ್ಕವನ್ನು ಬರೆದುಕೊಂಡು ಹೋಗುತ್ತದೆ.

ಎರಡನೆಯದಾಗಿ, ಉದ್ದನೆಯ ಗೆರೆ ಕಂಡರೆ ಉದ್ದನೆಯ ಮೀನು ಎಂದು ತಿಳಿಯಬಾರದು. ದೋಣಿ ಲಂಗರು ಹಾಕಿ ನಿಂತಿದ್ದು, ಅಂಗೈಯಗಲದ ಮೀನೊಂದು ಅದರ ಕೆಳಗೇ ಇದ್ದರೆ, ಅದು ಇರುವಷ್ಟು ಹೊತ್ತೂ ಗೆರೆ ಬೆಳೆಯುತ್ತಲೇ ಹೋಗುತ್ತದೆ. ದೋಣಿ ಚಲಿಸುವಾಗ ಮೀನು ಬಿಲ್ಲಿನ ಆಕಾರದಲ್ಲಿ ಕಾಣುವುದುಂಟು. ಸದ್ದಿನ ಅಂಚಿನಲ್ಲಿರುವಾಗ ಮೀನಿನ ದೂರ ಹೆಚ್ಚು, ನಟ್ಟನಡುವೆ ಬಂದಾಗ ಕಡಿಮೆ, ದಾಟಿದ ಮೇಲೆ ಮತ್ತೆ ಹೆಚ್ಚು. ಬಿಲ್ಲಿನ ಬಾಗು ಬರುವುದು ಇದರಿಂದಲೇ.

ಮೂರನೆಯದಾಗಿ, ಕೆಲವು ಯಂತ್ರಗಳು ಮಾರ್ದನಿ ಬಂದಲ್ಲೆಲ್ಲ ಸಣ್ಣ ಮೀನಿನ ಗೊಂಬೆಯನ್ನು ಬಿಡಿಸುತ್ತವೆ. ಅದು ಯಂತ್ರದ ಊಹೆ. ನೀರೊಳಗಿನ ಕೊಂಬೆ, ತೇಲುವ ಕಸ, ಗಾಳಿಯ ಗುಳ್ಳೆ ಇವುಗಳಿಗೂ ಅದೇ ಗೊಂಬೆ ಬರಬಹುದು. ಗೊಂಬೆಯನ್ನು ಆರಿಸಿಟ್ಟು ನಿಜವಾದ ಮಾರ್ದನಿಯ ಗುರುತನ್ನೇ ಓದಲು ಕಲಿಯುವುದು ಮೇಲು.

ನಾಲ್ಕನೆಯದಾಗಿ, ತಳದ ಗೆರೆಯನ್ನು ನೋಡಿ. ಕಲ್ಲು ಅಥವಾ ಗಟ್ಟಿ ತಳವಿದ್ದರೆ ಗೆರೆ ಚುರುಕಾಗಿರುತ್ತದೆ; ಆಳದ ಇಮ್ಮಡಿಯಲ್ಲಿ ಎರಡನೆಯ ಗೆರೆಯೂ ಮೂಡುವುದುಂಟು. ಸದ್ದು ಎರಡು ಸಲ ಹೋಗಿ ಬಂದ ಗುರುತು ಅದು. ಕೆಸರು ತಳ ಸದ್ದನ್ನು ಹೀರಿಕೊಳ್ಳುವುದರಿಂದ ಎರಡನೆಯ ಗೆರೆ ಮಸುಕು, ಇಲ್ಲವೆ ಇಲ್ಲ. ಕಲ್ಲೋ ಕೆಸರೋ ಎಂಬ ಈ ತಿಳುವಳಿಕೆ ಬಲೆ ಬಿಡುವವನಿಗೆ ಮೀನಿನ ಗುರುತಿನಷ್ಟೇ ಬೆಲೆಯುಳ್ಳದ್ದು.

3. ಸದ್ದಿನ ಆಲಿಕೆ

ಗುಂಡಿನಿಂದ ಹೊರಟ ಸದ್ದು ಕವುಚಿ ಹಿಡಿದ ಆಲಿಕೆಯ ಹಾಗೆ ಕೆಳಕ್ಕೆ ಹೋದಂತೆ ಅಗಲವಾಗುತ್ತದೆ. ಯಂತ್ರದ ವಿವರ ಪತ್ರದಲ್ಲಿ 20 ಡಿಗ್ರಿ, 60 ಡಿಗ್ರಿ ಎಂದು ಬರೆದಿರುವುದು ಈ ಆಲಿಕೆಯ ಬಾಯಗಲವನ್ನು. 20 ಡಿಗ್ರಿಯ ಆಲಿಕೆ ತಳದಲ್ಲಿ ಮುಟ್ಟುವ ಅಗಲ ಆಳದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. 60 ಡಿಗ್ರಿಯದಾದರೆ ಆಳಕ್ಕಿಂತ ತುಸು ಹೆಚ್ಚು. ಲೆಕ್ಕ ಹೀಗೆ:

3 ಮೀಟರ್ ಆಳ: 20 ಡಿಗ್ರಿಗೆ ಸುಮಾರು 1 ಮೀಟರ್, 60 ಡಿಗ್ರಿಗೆ ಸುಮಾರು 3.5 ಮೀಟರ್.
10 ಮೀಟರ್ ಆಳ: 20 ಡಿಗ್ರಿಗೆ ಸುಮಾರು 3.5 ಮೀಟರ್, 60 ಡಿಗ್ರಿಗೆ ಸುಮಾರು 11.5 ಮೀಟರ್.
30 ಮೀಟರ್ ಆಳ: 20 ಡಿಗ್ರಿಗೆ ಸುಮಾರು 10.5 ಮೀಟರ್, 60 ಡಿಗ್ರಿಗೆ ಸುಮಾರು 34.5 ಮೀಟರ್.

ಮೊದಲ ಸಾಲನ್ನು ಗಮನಿಸಿ. ಮೂರು ಮೀಟರ್ ನೀರಿನಲ್ಲಿ ಮಾಮೂಲು ಯಂತ್ರ ನೋಡುವುದು ತಳದಲ್ಲಿ ಒಂದು ಮೀಟರ್ ಅಗಲ. ನಡು ನೀರಿನಲ್ಲಿ ಅದರ ಅರ್ಧ. ಅಂದರೆ ದೋಣಿಯಷ್ಟು ಅಗಲವೂ ಇಲ್ಲ. ಅಷ್ಟು ತಿಳಿಯಾದ ಮೊಣಕಾಲುದ್ದ, ಎದೆಯುದ್ದ ನೀರಿನಲ್ಲಿ ದೋಣಿಯ ನೆರಳಿಗೇ ಮೀನು ಸರಿದುಹೋಗಿರುತ್ತದೆ.

ಅಗಲವಾದ ಆಲಿಕೆಯೇ ಒಳ್ಳೆಯದಲ್ಲವೆ ಎಂದು ಕೇಳಬಹುದು. ಅದಕ್ಕೊಂದು ಬೆಲೆಯಿದೆ. ಆಲಿಕೆ ಅಗಲವಾದಷ್ಟೂ ಮೀನು ಯಾವ ಕಡೆಗಿದೆ ಎಂಬುದು ಗೊತ್ತಾಗುವುದಿಲ್ಲ. ತಳದ ಹಳ್ಳತಿಟ್ಟುಗಳೆಲ್ಲ ಕಲಸಿಹೋಗಿ ಒಂದೇ ದಪ್ಪ ಗೆರೆಯಾಗುತ್ತವೆ.

4. ಮೂರು ಬಗೆಯ ನೀರು

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮವರಿಗೆ ಪರಿಚಯವಿರುವ ಮೂರು ಬಗೆಯ ನೀರನ್ನು ಒಂದೊಂದಾಗಿ ನೋಡುವುದು ಉಚಿತ.

ಸಮುದ್ರ. ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನ ದೊಡ್ಡ ದೋಣಿಗಳಿಗೆ ಎಕೋ ಸೌಂಡರ್ ಹಳೆಯ ಗೆಳೆಯ. ಆಳ ಸಮುದ್ರಕ್ಕೆ ಬೇಕಾದದ್ದು ದೂರ ಹೋಗುವ ಸದ್ದು. ಆದುದರಿಂದ ಅವರು 50 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 50,000 ಕಂಪನಗಳ ಸದ್ದನ್ನು ಬಳಸುತ್ತಾರೆ. ಆಳ ಕಡಿಮೆಯಿದ್ದಲ್ಲಿ 200 ಕಿಲೋಹರ್ಟ್ಸ್. ಕಂಪನ ಕಡಿಮೆಯಾದಷ್ಟೂ ಸದ್ದು ದೂರ ಹೋಗುತ್ತದೆ, ಆದರೆ ಸೂಕ್ಷ್ಮ ಕಡಿಮೆ. ನೀರಿನಲ್ಲಿ 50 ಕಿಲೋಹರ್ಟ್ಸ್ ಸದ್ದಿನ ಅಲೆಯ ಉದ್ದ 30 ಮಿಲಿಮೀಟರ್, 200ರದು 7.5 ಮಿಲಿಮೀಟರ್. ಸಣ್ಣ ಅಕ್ಷರ ಬರೆಯಲು ಸಣ್ಣ ಮೊನೆಯ ಲೇಖನಿ ಬೇಕಾದಂತೆ ಸಣ್ಣದನ್ನು ತೋರಿಸಲು ಸಣ್ಣ ಅಲೆ ಬೇಕು.

ಬಂದರಿನ ಸುತ್ತ ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ನದಿಯ ದೋಣಿಗೆ ಕಳುಹಿಸುವ ಯೋಚನೆ ಹಲವರಿಗೆ ಬರುತ್ತದೆ. ಇದು ಬೇಡ. ಗುಂಡು 50 ಕಿಲೋಹರ್ಟ್ಸಿನದಾದರೆ ಎರಡು ಮೂರು ಮೀಟರ್ ನೀರಿನಲ್ಲಿ ಅದು ತನ್ನ ಕೂಗಿನ ಕಂಪವನ್ನೇ ಕೇಳಿಸಿಕೊಳ್ಳುತ್ತ, ಪರದೆಯ ಮೇಲಿನ ಭಾಗವೆಲ್ಲ ಮಸಿಯಾಗುತ್ತದೆ. ಕೆಲವು 24 ವೋಲ್ಟ್ ಬೇಡುತ್ತವೆ. ಕೆಲವು ಆಳವನ್ನು ಮಾರಿನ ಲೆಕ್ಕದಲ್ಲಿ, ಅಂದರೆ ಆರಾರು ಅಡಿಗಳ ಲೆಕ್ಕದಲ್ಲಿ, ತೋರಿಸುತ್ತವೆ. ಉಪ್ಪುನೀರಿಗೆ ಹೊಂದಿಸಿದ ಯಂತ್ರ ಸಿಹಿನೀರಿನಲ್ಲಿ ನೂರಕ್ಕೆ ಎರಡು ಮೂರರಷ್ಟು ಹೆಚ್ಚು ಆಳ ತೋರಿಸುತ್ತದೆ. ಈ ಕೊನೆಯ ತಪ್ಪು ಚಿಕ್ಕದು. ಹೊಸ ಯಂತ್ರಗಳಲ್ಲಿ ಸಿಹಿನೀರು, ಉಪ್ಪುನೀರು ಎಂದು ಆರಿಸಿಕೊಳ್ಳುವ ಅನುಕೂಲವೂ ಇರುತ್ತದೆ.

ತೆಳು ನೀರು. ವಿಜಯವಾಡದ ಪ್ರಕಾಶಂ ಬ್ಯಾರೇಜು 1957ರಲ್ಲಿ ಮುಗಿಯಿತು. ಅದಕ್ಕೆ ಮೊದಲು ಅಲ್ಲಿ 1855ರಲ್ಲಿ ಮುಗಿದ ಹಳೆಯ ಅಣೆಕಟ್ಟಿತ್ತು. ಇದು ನೀರನ್ನು ಕಾಲುವೆಗಳಿಗೆ ತಿರುಗಿಸಲು ಕಟ್ಟಿದ ಒಡ್ಡು. ಬೆಟ್ಟಗಳ ನಡುವೆ ನೀರು ಕೂಡಿಡುವ ಜಲಾಶಯದಂತಲ್ಲ. ಮೇಲ್ಗಡೆ ನಿಂತ ನೀರು ಅಗಲವಾಗಿ ಹರಡಿದೆ. ಅದರಲ್ಲಿ ಮರಳು ದಿಬ್ಬಗಳೂ ಲಂಕೆಗಳೂ ಇವೆ. ಇಲ್ಲಿನ ಬೆಸ್ತರು ಗಳುವಿನಿಂದಲೇ ತಳ ಮುಟ್ಟಿ ನೋಡಿ ದೋಣಿ ನಡೆಸುವ ಜಾಗ ಎಷ್ಟೋ ಇದೆ. ಗಳು ಮುಟ್ಟುವ ನೀರಿಗೆ ಯಂತ್ರ ಬೇಡ. ಕೃಷ್ಣಾ ಗೋದಾವರಿಗಳ ನಡುವಿನ ಕೊಲ್ಲೇರು ಸರೋವರವಂತೂ ಇನ್ನೂ ತೆಳುವಾದದ್ದು. 1999ರಿಂದ ಅದು ವನ್ಯಜೀವಿ ಧಾಮ. ಅಲ್ಲಿನ ಕಟ್ಟಳೆಗಳೂ ಬೇರೆ.

ಬ್ಯಾರೇಜಿನ ಮೇಲಿನ ನೀರಿನಲ್ಲಿ ಆಳದ ಮಡುಗಳೂ ಇವೆ, ನಿಜ. ಆದರೆ ನದಿಯ ತಳ ಒಂದೇ ಸಮನಾಗಿರುವುದಿಲ್ಲ. 2024ರ ಸೆಪ್ಟೆಂಬರ್ ಮೊದಲ ವಾರದ ಪ್ರವಾಹದಲ್ಲಿ ಬ್ಯಾರೇಜಿನಿಂದ 11 ಲಕ್ಷ ಕ್ಯುಸೆಕ್ಕಿಗೂ ಹೆಚ್ಚು ನೀರು ಹೋಯಿತು. ಕಟ್ಟು ಕಿತ್ತು ಬಂದ ದೋಣಿಗಳು ಗೇಟುಗಳ ಬಳಿ ಡಿಕ್ಕಿ ಹೊಡೆದವು. ಅಂಥ ಪ್ರವಾಹವಾದ ಮೇಲೆ ಮರಳು ಜಾಗ ಬದಲಿಸಿರುತ್ತದೆ. ಹಿಂದಿನ ವರ್ಷ ಗುರುತಿಟ್ಟ ಮಡುವನ್ನು ಮತ್ತೆ ಅಳೆದೇ ನಂಬಬೇಕು.

ಆಳವಾದ ಜಲಾಶಯ. ಬ್ಯಾರೇಜಿನ ಮೇಲೆ ಕೃಷ್ಣೆಯ ಗುಂಟ ಹೋದರೆ ಪುಲಿಚಿಂತಲ, ಅದರಾಚೆ ನಾಗಾರ್ಜುನಸಾಗರ, ಅದರಾಚೆ ಶ್ರೀಶೈಲ. 1955ರಲ್ಲಿ ಶಂಕುಸ್ಥಾಪನೆಯಾಗಿ 1967ರಲ್ಲಿ ನೀರು ಬಿಟ್ಟ ನಾಗಾರ್ಜುನಸಾಗರದ ಅಣೆಕಟ್ಟು ತಳಪಾಯದಿಂದ 124 ಮೀಟರ್ ಎತ್ತರ. ಇನ್ನೂ ಮೇಲಕ್ಕೆ ಹೋದರೆ ನಮ್ಮ ರಾಯಚೂರು, ವಿಜಯಪುರ, ಬಾಗಲಕೋಟೆಗಳ ಕಡೆಯ ನಾರಾಯಣಪುರ, ಆಲಮಟ್ಟಿ. ಪಕ್ಕದಿಂದ ಬಂದು ಸೇರುವ ತುಂಗಭದ್ರೆಗೆ ಹೊಸಪೇಟೆಯ ಹತ್ತಿರ ಅಣೆಕಟ್ಟು. ವಿಜಯವಾಡದಲ್ಲಿರುವವರು ಕಾಣುವ ನೀರಿನಲ್ಲಿ ಒಂದು ಪಾಲು ಊರಿನ ನೀರೇ.

ಯಂತ್ರ ಉಪಯೋಗಕ್ಕೆ ಬರುವುದು ಇಂಥ ಕಡೆ. ಅದೂ ಮೀನು ಹುಡುಕುವುದಕ್ಕಿಂತ ಹೆಚ್ಚಾಗಿ ಬಲೆ ಉಳಿಸುವುದಕ್ಕೆ. ಜಲಾಶಯದ ತಳವೆಂದರೆ ಮುಳುಗಿದ ನಾಡು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ಹಳ್ಳಿಗಳೂ ಮುಳುಗಿವೆ. ಮುಳುಗಿದ ಮರದ ಬೊಡ್ಡೆ, ಮೋಟುಗೋಡೆ, ಬಂಡೆ ಇವುಗಳಿಗೆ ಬಲೆ ಸಿಕ್ಕಿದರೆ ಹರಿದದ್ದೇ. ಮೀನು ಸಿಗದ ದಿನ ಒಂದು ದಿನದ ನಷ್ಟ. ಬಲೆ ಹರಿದರೆ ಹಲವು ದಿನಗಳ ನಷ್ಟ. ತಳದಲ್ಲಿ ಏನಿದೆ ಎಂದು ಮೊದಲೇ ತಿಳಿಸುವ ಯಂತ್ರ ಈ ನಷ್ಟವನ್ನು ತಪ್ಪಿಸಿ ತನ್ನ ಬೆಲೆಯನ್ನು ತಾನೇ ತೀರಿಸಬಲ್ಲದು.

5. ಯಾವ ಮೀನು ಕಾಣುತ್ತದೆ

ಮೀನಿನ ಮೈಯೂ ನೀರಿನಂತೆಯೇ ಇರುವುದರಿಂದ ಸದ್ದು ಅದರಿಂದ ಅಷ್ಟಾಗಿ ಮರಳುವುದಿಲ್ಲ. ಹೆಚ್ಚಿನ ಮಾರ್ದನಿ ಬರುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಸಿಗಡಿ, ಏಡಿಗಳಿಗೆ ಗಾಳಿಚೀಲವಿಲ್ಲ. ತಳ ಹಿಡಿದು ಬಾಳುವ ಅವು ಪರದೆಗೆ ಸಿಗುವುದಿಲ್ಲ. ಸಿಗಡಿ ಹಿಡಿಯುವವನಿಗೆ ಈ ಯಂತ್ರ ಕೊಡಿಸುವುದು ದಂಡ.

ಗೆಂಡೆ ಜಾತಿಯ ಮೂರು ಮುಖ್ಯ ಮೀನುಗಳನ್ನು ತೆಗೆದುಕೊಳ್ಳಿ. ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ. ಅಲ್ಲಿ ಆಲಿಕೆ ಬೆರಳಗಲದಿಂದ ಆಗತಾನೆ ಹಿಗ್ಗುತ್ತಿರುತ್ತದೆ. ದೋಣಿಯ ಸದ್ದಿಗೆ ಮೀನೂ ಪಕ್ಕಕ್ಕೆ ಸರಿಯುತ್ತದೆ. ಮೃಗಾಲ್ ತಳದಲ್ಲಿ ಮೇಯುತ್ತದೆ. ತಳಕ್ಕೆ ಅಂಟಿದಂತೆ ಇರುವಾಗ ಅದರ ಮಾರ್ದನಿ ತಳದ ಮಾರ್ದನಿಯಲ್ಲಿ ಕರಗಿಹೋಗುತ್ತದೆ. ನಡು ನೀರಿನಲ್ಲಿ ಮೇಯುವ ರೋಹು ಮಾತ್ರ ಪರದೆಗೆ ಸಲೀಸಾಗಿ ಸಿಗುವ ಮೀನು. ಇನ್ನು ತೆಲುಗಿನವರು ಕೊರ್ರಮೀನು ಎಂದು ಅಕ್ಕರೆಯಿಂದ ಕೊಳ್ಳುವ ಮುರ್ರೆಲ್ ಜೊಂಡು ಬೆಳೆದ ತೆಳು ನೀರಿನದು. ಉಸಿರಿಗಾಗಿ ಆಗಾಗ ನೀರಿನ ಮೇಲಕ್ಕೆ ಬರುತ್ತದೆ. ಅದನ್ನು ಹುಡುಕಲು ಕಣ್ಣೇ ಸಾಕು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪರದೆ ಖಾಲಿ ಇದ್ದ ಮಾತ್ರಕ್ಕೆ ನೀರು ಖಾಲಿ ಎಂದಲ್ಲ.

6. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ನೀರು ಗೊತ್ತಾಯಿತು, ಯಂತ್ರ ಬೇಕೆಂದೂ ತೀರ್ಮಾನವಾಯಿತು ಎಂದಿಟ್ಟುಕೊಳ್ಳೋಣ. ಆಗ ಈ ಕೆಳಗಿನವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

ಅ) ಕಂಪನ ಎಷ್ಟು? 3ರಿಂದ 15 ಮೀಟರ್ ನೀರಿಗೆ 200 ಕಿಲೋಹರ್ಟ್ಸಿನ ಸಾಧಾರಣ ಯಂತ್ರ ಸಾಕು. ಅದಕ್ಕೂ ಆಳವಾದ ಜಲಾಶಯಕ್ಕೆ 200ರ ಜೊತೆಗೆ 77 ಅಥವಾ 83 ಕಿಲೋಹರ್ಟ್ಸಿನ ಅಗಲ ಆಲಿಕೆಯೂ ಇದ್ದರೆ ಅನುಕೂಲ. ಚಿರ್ಪ್ ಎಂಬ ಬಗೆ ಒಂದೇ ಕಂಪನದ ಬದಲು ಕೆಳಗಿನಿಂದ ಮೇಲಿನ ತನಕ ಹಲವು ಕಂಪನಗಳನ್ನು ಒಂದೇ ಉಸಿರಿಗೆ ಬಿಡುತ್ತದೆ. ಒತ್ತೊತ್ತಾಗಿರುವ ಮೀನುಗಳನ್ನು ಬಿಡಿಸಿ ತೋರಿಸುವುದರಲ್ಲಿ ಇದು ಮೇಲು. ಡೌನ್ ಇಮೇಜಿಂಗ್ ಎಂಬುದು 455 ಅಥವಾ 800 ಕಿಲೋಹರ್ಟ್ಸಿನದು. ಮುಳುಗಿದ ಮರವನ್ನು ಮರದಂತೆಯೇ ತೋರಿಸುತ್ತದೆ. ಮರಗಳಿರುವ ಹಿನ್ನೀರಿಗೆ ಇದು ಒಳ್ಳೆಯದು.

ಆ) ಶಕ್ತಿ ಯಾವ ಲೆಕ್ಕದ್ದು? ಡಬ್ಬದ ಮೇಲೆ 2,400 ವ್ಯಾಟ್ ಎಂದಿರಬಹುದು. ಅದು ಪೀಕ್ ಟು ಪೀಕ್ ಲೆಕ್ಕ, ಆರ್.ಎಂ.ಎಸ್. ಲೆಕ್ಕದಲ್ಲಿ ಅದರ ಎಂಟನೆಯ ಒಂದು ಪಾಲು, 300 ವ್ಯಾಟ್ ಮಾತ್ರ. ಎರಡು ಯಂತ್ರಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಲೆಕ್ಕಕ್ಕೆ ತರಬೇಕು. ನದಿ, ಕೆರೆಗಳಿಗೆ ದೊಡ್ಡ ಶಕ್ತಿ ಬೇಕಾಗಿಯೂ ಇಲ್ಲ.

ಇ) ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಎಷ್ಟು ಚುಕ್ಕೆ? 480 ಚುಕ್ಕೆ ಇದ್ದು 48 ಮೀಟರ್ ನೀರು ತೋರಿಸಿದರೆ ಒಂದು ಚುಕ್ಕೆಗೆ 10 ಸೆಂಟಿಮೀಟರ್. ಅಲ್ಲಿ ಗೇಣುದ್ದ ಎತ್ತರದ ಮೀನೂ ಎರಡು ಚುಕ್ಕೆ. ಅದೇ ಪರದೆ 4.8 ಮೀಟರ್ ತೋರಿಸಿದರೆ ಚುಕ್ಕೆಗೆ 1 ಸೆಂಟಿಮೀಟರ್. ಡಬ್ಬದ ಮೇಲೆ 800, 480 ಎಂದು ಎರಡು ಸಂಖ್ಯೆ ಇದ್ದರೆ ಯಾವುದು ಅಡ್ಡ, ಯಾವುದು ಉದ್ದ ಎಂದು ಕೇಳಿರಿ. ಯಂತ್ರವನ್ನು ಅಂಗಡಿಯ ಹೊರಗೆ ಬಿಸಿಲಿಗೆ ತಂದು ತೋರಿಸಲು ಹೇಳಿರಿ. ದೋಣಿಯ ಮೇಲೆ ಅಂಗಡಿಯ ನೆರಳಿಲ್ಲ.

ಈ) ಬ್ಯಾಟರಿ ಎಷ್ಟು ತಿನ್ನುತ್ತದೆ? ಯಂತ್ರ ಅರ್ಧ ಆಂಪಿಯರ್ ತೆಗೆದುಕೊಳ್ಳುವುದಾದರೆ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಲೆಕ್ಕಕ್ಕೆ 14 ಗಂಟೆ ಬರಬೇಕು. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಆದುದರಿಂದ 7 ಗಂಟೆ ಎಂದೇ ಹಿಡಿಯಿರಿ. ಹೇಳಿದ ಅಳತೆಯ ಫ್ಯೂಸ್ ಹಾಕದೆ ತಂತಿ ಕೂಡಿಸಬಾರದು.

ಉ) ನೀರು ತಡೆಯುತ್ತದೆಯೇ? ಐ.ಪಿ.ಎಕ್ಸ್. 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದೆಂದು ಅರ್ಥ.

ಊ) ಜಾಗ ಗುರುತಿಡುವ ಜಿ.ಪಿ.ಎಸ್. ಇದೆಯೇ? ದೊಡ್ಡ ಹಿನ್ನೀರಿನಲ್ಲಿ ನಿನ್ನೆ ಬಿಟ್ಟ ಬಲೆಯನ್ನೂ ಬಲೆ ಹರಿಯುವ ಬೊಡ್ಡೆಯನ್ನೂ ಗುರುತಿಡಲು ಇದು ನೆರವಾಗುತ್ತದೆ. ಸಣ್ಣ ಕೆರೆಗೆ ಬೇಡ.

ಋ) ಕೆಟ್ಟರೆ ಎಲ್ಲಿ ರಿಪೇರಿ? ನಮ್ಮ ದೇಶದಲ್ಲಿ ಸರ್ವಿಸ್ ಇದೆಯೇ, ಗುಂಡು ಬೇರೆಯಾಗಿ ಸಿಗುತ್ತದೆಯೇ, ಜಿ.ಎಸ್.ಟಿ. ಬಿಲ್ಲು ಕೊಡುತ್ತಾರೆಯೇ ಎಂದು ಕೇಳಿ ಬರೆಸಿಕೊಳ್ಳಿರಿ. ಬಿಲ್ಲಿಲ್ಲದ ವಾರಂಟಿ ಬರಿಯ ಬಾಯಿಮಾತು.

ಗಾಳದ ದಾರಕ್ಕೆ ಕಟ್ಟಿ ಎಸೆದರೆ ತೇಲುತ್ತ ಮೊಬೈಲ್ ಫೋನಿಗೆ ಚಿತ್ರ ಕಳುಹಿಸುವ ಚೆಂಡಿನಂಥ ಯಂತ್ರಗಳೂ ಬಂದಿವೆ. ದಡದಿಂದ ಗಾಳ ಹಾಕುವವರಿಗೂ ಹರಿಗೋಲಿನವರಿಗೂ ಇವು ಸುಲಭ. ಇಡೀ ದಿನ ದುಡಿಯುವ ದೋಣಿಗೆ ಇವುಗಳ ಬ್ಯಾಟರಿಯೂ ಫೋನಿನ ಬ್ಯಾಟರಿಯೂ ಸಾಲವು.

7. ದೋಣಿಗೆ ಕಟ್ಟುವುದು

ಒಳ್ಳೆಯ ಯಂತ್ರವನ್ನು ಕೆಟ್ಟದಾಗಿ ಕಟ್ಟಿದರೆ ಅದು ಕೆಟ್ಟ ಯಂತ್ರವೇ. ಸದ್ದಿಗೆ ಶತ್ರು ಗಾಳಿಯ ಗುಳ್ಳೆ. ಗುಂಡಿನ ಮುಖದ ಮೇಲೆ ಗುಳ್ಳೆ ಹರಿದರೆ ಪರದೆಯಲ್ಲಿ ಬರಿಯ ಚುಕ್ಕೆ ಕಾಣುತ್ತದೆ. ಆದುದರಿಂದ ಎಂಜಿನ್ನಿನ ರೆಕ್ಕೆಯಿಂದ ದೂರ, ನೀರು ಶಾಂತವಾಗಿ ಹರಿಯುವ ಕಡೆ ಗುಂಡನ್ನು ಕಟ್ಟಬೇಕು. ಅದರ ಮುಖ ನೇರ ಕೆಳಕ್ಕಿರಬೇಕು.

ಗಟ್ಟಿಯಾದ ಫೈಬರ್ ದೋಣಿಯಾದರೆ ಗುಂಡನ್ನು ಒಳಗಿನಿಂದಲೇ ತಳಕ್ಕೆ ಅಂಟಿಸಬಹುದು. ನಡುವೆ ಗಾಳಿ ಉಳಿಯಬಾರದು. ಹಲಗೆಯ ದೋಣಿ, ಲೋಹದ ದೋಣಿ, ಹರಿಗೋಲುಗಳಿಗೆ ಇದು ನಡೆಯದು. ಅವುಗಳಿಗೆ ಸುಲಭದ ಉಪಾಯವಿದೆ. ಒಂದು ಬಿದಿರು ಗಳುವಿಗೆ ಅಥವಾ ಪೈಪಿಗೆ ಗುಂಡನ್ನು ಬಿಗಿದು, ದೋಣಿಯ ಪಕ್ಕಕ್ಕೆ ಕಟ್ಟಿ, ಗೇಣುದ್ದ ನೀರಿನೊಳಗೆ ಇಳಿಸಿ. ದಡಕ್ಕೆ ಬಂದಾಗ ಮೇಲಕ್ಕೆತ್ತಿ. ತಂತಿ ಹಿಡಿದು ಎತ್ತಬಾರದು. ಉದ್ದವಾಯಿತೆಂದು ತಂತಿ ಕತ್ತರಿಸಲೂ ಬಾರದು.

8. ಯಂತ್ರಕ್ಕೆ ಮೊದಲು ಒಂದು ಹಗ್ಗ

ಹಣ ಕಳುಹಿಸುವ ಮೊದಲು ಊರಿನವರಿಗೆ ನಾವು ಬರೆಯಬೇಕಾದ ಕಾಗದ ಇದು. ಒಂದು ಗಟ್ಟಿ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ತುದಿಗೆ ಕಲ್ಲು ಕಟ್ಟಿರಿ. ಕಲ್ಲಿನ ತಳಕ್ಕೆ ಸ್ವಲ್ಪ ಸಾಬೂನೋ ಮೇಣವೋ ಮೆತ್ತಿರಿ. ತಳದ ಮರಳು, ಕೆಸರು ಅದಕ್ಕೆ ಅಂಟಿ ಬರುತ್ತದೆ. ನೀವು ನಿತ್ಯ ಬಲೆ ಬಿಡುವ 20 ಜಾಗಗಳಲ್ಲಿ ಇಳಿಬಿಟ್ಟು, ಜಾಗ, ಆಳ, ತಳ, ಸಿಕ್ಕಿದ ಮೀನು ಎಂಬ ನಾಲ್ಕು ಕಲಮುಗಳಲ್ಲಿ ಬರೆದಿಡಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೀಗೆ ಮಾಡಿ.

20ರಲ್ಲಿ 14 ಜಾಗ 3 ಮೀಟರಿಗಿಂತ ತೆಳುವಾಗಿ ಬಂದರೆ ಯಂತ್ರದ ಮಾತನ್ನೇ ಬಿಡಿ. ಹೆಚ್ಚಿನವು 3ರಿಂದ 15 ಮೀಟರ್ ಬಂದರೆ ಸಾಧಾರಣ 200 ಕಿಲೋಹರ್ಟ್ಸಿನದು. 15 ಮೀಟರಿಗೂ ಹೆಚ್ಚಾಗಿ, ಬಲೆಯೂ ಪದೇ ಪದೇ ಹರಿಯುತ್ತಿದ್ದರೆ ಮರ ತೋರಿಸುವ, ಜಾಗ ಗುರುತಿಡುವ ಯಂತ್ರ. ಅದನ್ನೂ ನಾಲ್ಕಾರು ದೋಣಿಯವರು ಕೂಡಿ ಕೊಂಡರೆ ಹೊರೆ ಹಗುರ. ತಳದ ನಕ್ಷೆ ಒಮ್ಮೆ ಸಿದ್ಧವಾದರೆ ಎಲ್ಲರಿಗೂ ಉಪಯೋಗ.

ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕಾಗುತ್ತದೆ. ವಿಶಾಖಪಟ್ಟಣದ ಮೇಘಾದ್ರಿಗೆಡ್ಡ, ಮುಡಸರ್ಲೋವಗಳು ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯಗಳು. ಕೇಳದೆ ದೋಣಿ ಇಳಿಸಬಾರದು. ಕಚೇರಿಗೆ ಹೋದಾಗ ದೋಣಿಯ ಸಾಮಗ್ರಿಗೆ ಸಹಾಯಧನವೇನಾದರೂ ಇದೆಯೇ ಎಂದೂ ಕೇಳಿ ಬನ್ನಿರಿ.

9. ಎಲ್ಲಕ್ಕೂ ಮೊದಲ ಖರ್ಚು

2017ರ ನವೆಂಬರ್ 12ರಂದು ವಿಜಯವಾಡದ ಹತ್ತಿರ ಪವಿತ್ರ ಸಂಗಮದ ಬಳಿ ಕೃಷ್ಣೆಯಲ್ಲಿ ಪ್ರವಾಸಿಗರ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ನದಿ ಶಾಂತವಾಗಿ ಕಂಡರೂ ನದಿಯೇ. ಮೀನು ಶೋಧಕ ತಳವನ್ನು ತೋರಿಸುತ್ತದೆ. ಮೇಲಿನಿಂದ ಬಿಟ್ಟ ನೀರನ್ನು ತೋರಿಸುವುದಿಲ್ಲ, ಗಾಳಿಯನ್ನು ತೋರಿಸುವುದಿಲ್ಲ. ದೋಣಿಯಲ್ಲಿ ಎಷ್ಟು ಜನವೋ ಅಷ್ಟು ಲೈಫ್ ಜಾಕೆಟ್ ಇಲ್ಲದ ದೋಣಿಗೆ ಯಂತ್ರ ಕೊಡಿಸುವುದು ಮನೆಗೆ ಸೂರಿಲ್ಲದೆ ಗಡಿಯಾರ ತೂಗುಹಾಕಿದಂತೆ. ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಮೊದಲು ಜಾಕೆಟ್, ಆಮೇಲೆ ಬಲೆ, ಆಮೇಲೆ ಯಂತ್ರ.

ಅಭ್ಯಾಸದ ಲೆಕ್ಕಗಳು

1. ಮಾರ್ದನಿ ಸೆಕೆಂಡಿನ 100ನೆಯ ಒಂದು ಪಾಲಿನಲ್ಲಿ ಬಂದರೆ ಆಳವೆಷ್ಟು?
2. 6 ಮೀಟರ್ ಆಳದಲ್ಲಿ 20 ಡಿಗ್ರಿಯ ಆಲಿಕೆ ತಳದಲ್ಲಿ ಎಷ್ಟು ಅಗಲ ಮುಟ್ಟುತ್ತದೆ?
3. ಪೀಕ್ ಟು ಪೀಕ್ 4,800 ವ್ಯಾಟ್ ಎಂದರೆ ಆರ್.ಎಂ.ಎಸ್. ಎಷ್ಟು?
4. 9 ಆಂಪಿಯರ್ ಅವರ್ ಬ್ಯಾಟರಿಯನ್ನು ಅರ್ಧದ ತನಕ ಮಾತ್ರ ಬಳಸಿದರೆ, 0.6 ಆಂಪಿಯರ್ ತಿನ್ನುವ ಯಂತ್ರ ಎಷ್ಟು ಹೊತ್ತು ನಡೆಯುತ್ತದೆ?

ಉತ್ತರಗಳು: 7.5 ಮೀಟರ್, ಸುಮಾರು 2.1 ಮೀಟರ್, 600 ವ್ಯಾಟ್, ಏಳೂವರೆ ಗಂಟೆ.

ಊರಿನಿಂದ ಆಳದ ಪಟ್ಟಿ ಬಂದವರು ಅದನ್ನು ವಾಚನಾಲಯಕ್ಕೆ ತರಬಹುದು. ಸಂಜೆ ವೇಳೆ ಕೂತು ಒಟ್ಟಿಗೆ ನೋಡೋಣ. ಅಂಗಡಿಯ ವಿವರ ಪತ್ರ ಇಂಗ್ಲಿಷಿನಲ್ಲಿದ್ದರೆ ಅದನ್ನೂ ತನ್ನಿ, ಓದಿ ಹೇಳುತ್ತೇವೆ.